ಆಶೂರಾ ನೋಂಬು: ಮಕ್ಕಳು ಕೇಳಲಿ, ನಾವು ಹೇಳೋಣ

ಊರಿನಲ್ಲಿ ಮುಹರ್ರಂ 10ರ ಆಶೂರಾ ನೋಂಬನ್ನು ಮಕ್ಕಳಿಗೆ ಯಾರೂ ಪ್ರತ್ಯೇಕ ನೆನಪಿಸಬೇಕಾಗಿಲ್ಲ. ಅಂದು ಶಾಲೆಗೆ ರಜೆ, ಮದ್ರಸದಲ್ಲಿ ಉಸ್ತಾದರು ಹೇಳಿರುತ್ತಾರೆ. ದುಬೈಯಲ್ಲಿ ಹಿಜರಿ ಹೊಸ ವರ್ಷಕ್ಕೆ ರಜೆಯಿದೆ, ಆಶೂರಾಕ್ಕಿಲ್ಲ. ಲಂಡನ್, ಟೊರೊಂಟೊದಲ್ಲಿ ಎರಡಕ್ಕೂ ಇಲ್ಲ. ಉಪ್ಪ, ಉಮ್ಮ ನೋಂಬು ಹಿಡಿದು ಕೆಲಸಕ್ಕೆ ಹೋದರೆ ಪುಟ್ಟ ಮಕ್ಕಳಿಗೆ ಗೊತ್ತೇ ಆಗುವುದಿಲ್ಲ.

ಮೂಸಾ ನಬಿಯವರೂ ಅವರ ಜನರೂ ಫಿರ್‌ಔನನಿಂದ ಪಾರಾದ ದಿನವಿದು. ಮದೀನಾದ ಯಹೂದಿಯರು ಅಂದು ಉಪವಾಸವಿರುವುದನ್ನು ಕಂಡ ಪ್ರವಾದಿಯವರು (ಸ) ತಾವೂ ನೋಂಬು ಹಿಡಿದರು, ನಮಗೂ ಹೇಳಿದರು.

ಅದೇ ಬಿಡುಗಡೆಯನ್ನು ಯಹೂದಿಯರು ಇಂದಿಗೂ ಪಾಸೋವರ್ ಹಬ್ಬದಲ್ಲಿ ನೆನೆಯುತ್ತಾರೆ. ಹುಳಿ ಬರಿಸದ ರೊಟ್ಟಿ, ಕಹಿ ಸೊಪ್ಪು ಇಟ್ಟುಕೊಂಡು ಕೂತಾಗ, ಈ ರಾತ್ರಿಗೇನು ವಿಶೇಷ ಎಂದು ಮನೆಯ ಅತಿ ಕಿರಿಯ ಮಗು ಕೇಳುವುದು ವಾಡಿಕೆ. ಹಿರಿಯರು ಕಥೆ ಹೇಳುತ್ತಾರೆ. ಶತಮಾನಗಳ ಕಾಲ ಪರದೇಶಗಳಲ್ಲಿದ್ದೂ ಅವರ ಮನೆಗಳಲ್ಲಿ ಈ ಕಥೆ ಉಳಿದದ್ದು ಹೀಗೆ.

ಅವರ ಹಬ್ಬ ನಮ್ಮದಲ್ಲ. ಆದರೆ ಮಗುವಿಗೆ ಕೇಳಲು ಅವಕಾಶ ಕೊಡುವ ಕ್ರಮವನ್ನು ನಾವೂ ರೂಢಿಸಿಕೊಳ್ಳಬಹುದು.

"ಇದು ಸುನ್ನತ್ ತಾನೆ, ಶಾಲೆಯ ದಿನ ಮಕ್ಕಳಿಗೆ ಯಾಕೆ ಕಷ್ಟ?" ಎನ್ನುವವರಿದ್ದಾರೆ. ಸರಿ, ಮಕ್ಕಳು ನೋಂಬು ಹಿಡಿಯುವುದು ಬೇಡ. ಇಫ್ತಾರಿಗೆ ಜೊತೆಯಲ್ಲಿ ಕೂರಲಿ. ಖರ್ಜೂರ ಕೈಗೆ ಕೊಟ್ಟು, ಸಮುದ್ರ ಇಬ್ಭಾಗವಾದ ಕಥೆಯನ್ನು ಬ್ಯಾರಿಯಲ್ಲೇ ಹೇಳಿ. "ಬಾ", "ತಿನ್ನು", "ಮಲಗು" ಎನ್ನುವುದಕ್ಕಷ್ಟೇ ಬ್ಯಾರಿ ಕೇಳಿದ ಮಗು ನಾಳೆ ತನ್ನ ಮಕ್ಕಳಿಗೆ ಅದರಲ್ಲಿ ಕಥೆ ಹೇಳಲಾರದು.

ಹತ್ತು ನಿಮಿಷ ಸಾಕು. ಇದನ್ನು ಮಾತ್ರ ಆನ್‌ಲೈನ್ ಮದ್ರಸಕ್ಕೆ ಬಿಡಬೇಡಿ.