ಮೋಡ ಬಿತ್ತುವ ಮುನ್ನ ಕೆರೆ ನೋಡೋಣ

ಅರಬ್ಬೀ ಸಮುದ್ರದ ತೇವಗಾಳಿ ಪಶ್ಚಿಮಘಟ್ಟವನ್ನೇರುತ್ತ ತಣಿದು, ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ಮೀರಿ ಮಳೆ ಸುರಿಸುತ್ತದೆ. ಘಟ್ಟವಿಳಿದ ಗಾಳಿ ಬಿಸಿಯಾಗಿ ಒಣಗುವುದರಿಂದ, ಚಿಂತಾಮಣಿ ತಾಲ್ಲೂಕಿನ ಕೆಂಚಾರ್ಲಹಳ್ಳಿಯ ಸೀಮೆಗೆ ಹಿಂಗಾರು ಸೇರಿಯೂ ದಕ್ಕುವುದು ಸುಮಾರು 700 ಮಿ.ಮೀ. ಮಾತ್ರ.

ಮಳೆಯ ಕೊರತೆ ನೀಗಿಸಲೆಂದು ರಾಜ್ಯ ಸರ್ಕಾರ 2003ರಲ್ಲಿ ‘ವರುಣ’, 2017ರಲ್ಲಿ ‘ವರ್ಷಧಾರೆ’ ಎಂಬ ಮೋಡಬಿತ್ತನೆ ಯೋಜನೆಗಳನ್ನು ಕೈಗೊಂಡಿತು. ಆದರೆ ಬಿತ್ತನೆಯು ಇರುವ ಮೋಡದ ಹನಿಗಳನ್ನು ಹಿಗ್ಗಿಸಬಲ್ಲದೇ ಹೊರತು ಇಲ್ಲದ ಮೋಡವನ್ನು ಸೃಷ್ಟಿಸಲಾರದು.

700 ಮಿ.ಮೀ. ಎಂದರೆ ಎಕರೆಯೊಂದಕ್ಕೆ 28 ಲಕ್ಷ ಲೀಟರ್ ನೀರು. ಅದನ್ನು ಹಿಡಿಯಲೆಂದೇ ಹಿರಿಯರು ಸರಪಳಿ ಕೆರೆಗಳನ್ನು ಕಟ್ಟಿದರು. ಹೂಳು ತುಂಬಿ, ರಾಜಕಾಲುವೆ ಒತ್ತುವರಿಯಾದ ಕೆರೆಗೆ ಎಷ್ಟು ಮಳೆ ಬಂದರೇನು ಫಲ? ಮುಗಿಲಿಗೆ ಚೆಲ್ಲುವ ಹಣ ಮೊದಲು ಹೂಳೆತ್ತಲು, ಕಾಲುವೆ ಬಿಡಿಸಲು ಸಲ್ಲಲಿ.