ಅಮೃತಸರದ ಅನ್ನವು ಪುಕ್ಕಟೆಯೇ?

ಬೆನ್ನಿಗೊಂದು ಚೀಲವನ್ನೇರಿಸಿ, ರೈಲಿನ ಎರಡನೆಯ ವರ್ಗದ ಡಬ್ಬಿಯಲ್ಲಿ ಎರಡು ಮೂರು ದಿವಸ ಕಳೆದು, ಅಮೃತಸರದ ಹರಿಮಂದಿರ ಸಾಹಿಬವನ್ನು ಕಂಡುಬರುವ ಪರಿಪಾಠವು ನಮ್ಮ ತರುಣರಲ್ಲಿ ಬೆಳೆಯುತ್ತಲಿದೆ. ಇದು ಸಂತೋಷದ ಸಂಗತಿಯೇ ಸರಿ. ಆ ಪಂಥದ ಸಂಬಂಧವು ನಮ್ಮ ನಾಡಿಗೆ ಹೊಸದೂ ಅಲ್ಲ. ಬೀದರಿನಲ್ಲಿ ಗುರು ನಾನಕರ ಹೆಸರಿನ ಝರಿಯು ಇಂದಿಗೂ ಹರಿಯುತ್ತಿದೆ. 1699ರ ವೈಶಾಖಿಯಂದು ಆನಂದಪುರದಲ್ಲಿ ಗುರು ಗೋವಿಂದಸಿಂಹರು ತಲೆಯನ್ನು ಕೇಳಿದಾಗ ಎದ್ದು ನಿಂತ ಐವರಲ್ಲಿ ಒಬ್ಬನಾದ ಸಾಹಿಬಸಿಂಹನು ಬೀದರಿನ ನಾಪಿತನೆಂದು ಆ ಪಂಥದವರೇ ಹೇಳುವರು. ಆದುದರಿಂದ ಹೋಗುವವರನ್ನು ತಡೆಯುವ ಉದ್ದೇಶದಿಂದ ನಾನು ಲೇಖನಿಯನ್ನು ಹಿಡಿದಿಲ್ಲ. ಹೋಗಿಬಂದವರ ಬಾಯಲ್ಲಿ ಪದೇಪದೇ ಕೇಳಿಬರುವ ಒಂದು ಶಬ್ದದ ಮೇಲೆ ನನ್ನ ಆಕ್ಷೇಪ. ಆ ಶಬ್ದವು ‘ಪುಕ್ಕಟೆ’ ಎಂಬುದು. ಊಟ ಪುಕ್ಕಟೆ, ವಸತಿ ಪುಕ್ಕಟೆ, ಪಾದರಕ್ಷೆ ಕಾಯುವುದೂ ಪುಕ್ಕಟೆ. ರೈಲಿನ ಟಿಕೀಟೊಂದಿದ್ದರೆ ಪಂಜಾಬು ಕೈಸೇರಿತು, ಎಂದು ಇವರು ಲೆಕ್ಕ ಒಪ್ಪಿಸುವರು!

ಗುರು ರಾಮದಾಸರ ಲಂಗರಿನಲ್ಲಿ ಸಾಧಾರಣ ದಿವಸದಲ್ಲಿಯೇ ಐವತ್ತು ಸಾವಿರಕ್ಕೆ ಕಡಿಮೆಯಿಲ್ಲದಷ್ಟು ಜನರು ಉಣ್ಣುವರು. ಪರ್ವದಿನಗಳಲ್ಲಿ ಲಕ್ಷವನ್ನು ಮುಟ್ಟುವುದುಂಟು. ರೊಟ್ಟಿ ಬೇಯಿಸುವ ಯಂತ್ರಗಳು ಬಂದಿವೆ, ನಿಜ. ಆದರೆ ಬೆಳ್ಳುಳ್ಳಿ ಸುಲಿಯುವ, ಹಿಟ್ಟಿನುಂಡೆಗಳನ್ನು ಲಟ್ಟಿಸುವ, ಬೇಳೆಯ ಕೊಪ್ಪರಿಗೆಗಳನ್ನು ತಿರುವುವ, ಉಂಡ ತಟ್ಟೆಗಳನ್ನು ಸಾಲಾಗಿ ನಿಂತು ತೊಳೆಯುವ ಕೈಗಳು ಬಹುಮಟ್ಟಿಗೆ ಸಂಬಳವಿಲ್ಲದ ಕೈಗಳು. ಧಾನ್ಯವು ರೈತನ ಹೊಲದಿಂದ ಬರುವುದು. ಹಣವು ಸಂಪಾದನೆಯ ಹತ್ತನೆಯ ಪಾಲನ್ನು ಎತ್ತಿಡಬೇಕೆಂಬ ನೇಮವುಳ್ಳ ಗೃಹಸ್ಥರಿಂದ ಬರುವುದು. ಬೆಲೆಯನ್ನು ಬೇರೊಬ್ಬನು ತೆತ್ತಿರುವ ಅನ್ನಕ್ಕೆ ಪುಕ್ಕಟೆಯೆಂದು ಹೆಸರಿಡುವುದು ಯಾವ ಭಾಷಾಜ್ಞಾನ? ನಮ್ಮ ಭಾಷೆಯಲ್ಲಿ ಇದಕ್ಕೆ ‘ದಾಸೋಹ’ವೆಂಬ ಮಾತುಂಟು. ಆ ಮಾತು ಬೆಳೆದ ಕಲ್ಯಾಣವೂ ಬೀದರ ಜಿಲ್ಲೆಯಲ್ಲಿಯೇ ಇದೆ. ಸಿದ್ಧಗಂಗೆಯಲ್ಲಿ ಸಾವಿರಾರು ಮಕ್ಕಳು ಉಣ್ಣುವ ಅನ್ನವನ್ನು ಪುಕ್ಕಟೆಯೆಂದರೆ ನಮ್ಮ ಹಿರಿಯರು ಸುಮ್ಮನಿದ್ದಾರೆಯೇ?

ವಸತಿಯ ಮಾತು ಇನ್ನೂ ಕಠಿಣವಾದದ್ದು. ಅಲ್ಲಿಯ ಸರಾಯಿಗಳಲ್ಲಿ ಸ್ಥಳವು ಮಿತವಾದದ್ದು. ಸ್ಥಳ ತುಂಬಿದ ರಾತ್ರಿ ಹಳ್ಳಿಯಿಂದ ಬಂದ ಸಂಸಾರಗಳು ಮಕ್ಕಳುಮರಿಗಳೊಡನೆ ಸರೋವರದ ಸುತ್ತಣ ಅಮೃತಶಿಲೆಯ ಮೇಲೆಯೇ ಮಲಗುವರು. ಲಾಡ್ಜಿನ ಬಾಡಿಗೆಗೆ ಶಕ್ತಿಯಿರುವ ತರುಣನು ಒಳಗೆ ಹಾಸಿಗೆ ಬಿಡಿಸಿ, ದಿನಗಳನ್ನು ಬೆಳೆಸಿ, ಉಳಿದ ಹಣದಲ್ಲಿ ಪೇಟೆಯ ಕಸೂತಿ ಕೊಂಡನೆಂದರೆ ಆ ಉಳಿತಾಯವು ಯಾರ ಬೆನ್ನಿನಿಂದ ಬಂದಿತು?

ಹೀಗೆಂದೊಡನೆ ಪ್ರತಿವಾದಿಗಳು ಏಳುವರು. “ಆ ಮಂದಿರಕ್ಕೆ ನಾಲ್ಕು ದಿಕ್ಕಿಗೆ ನಾಲ್ಕು ಬಾಗಿಲುಗಳು, ಕೊಟ್ಟವರೇ ಕೇಳದಿರುವಾಗ ಸುಂಕ ವಸೂಲುಮಾಡಲು ನೀವಾರು?” ಎಂಬುದು ಅವರ ವಾದ. ಸುಂಕವನ್ನು ನಾನು ಕೇಳುತ್ತಿಲ್ಲ. ಬರಿಗೈಯವನು ಬರಿಗೈಯಲ್ಲಿಯೇ ಉಣ್ಣಲಿ. ಅವನಿಗಾಗಿಯೇ ಆ ಪಂಕ್ತಿಯಿದೆ. ಆದರೆ ಯಾರೂ ಕೇಳುವುದಿಲ್ಲವೆಂಬುದು ಕೈಲಾಗುವವನಿಗೆ ಬಿಡುಗಡೆಯ ಪತ್ರವಾಗಲಾರದು. ಸಾಹುಕಾರನು ಪತ್ರ ಬರೆಯಿಸಿಕೊಳ್ಳದೆ ಕೊಟ್ಟ ಸಾಲವೂ ಸಾಲವೇ.

ಇನ್ನು ಕೆಲವರು ಮರ್ಯಾದಸ್ಥರು. ಇವರು ದೊಡ್ಡ ಹೋಟೆಲಿನಲ್ಲಿಳಿದು, ಅಲ್ಲಿಯೇ ಉಂಡು, ಹುಂಡಿಗೆ ಒಂದು ನೋಟನ್ನು ಹಾಕಿ ಋಣ ತೀರಿತೆನ್ನುವರು. ಚೀಲದ ತರುಣನಿಗಿಂತ ಇವರು ಹೆಚ್ಚು ತಿಳಿದವರೆಂದು ನಾನು ಒಪ್ಪಲಾರೆ. ಅಕ್ಬರ ಬಾದಶಹನು ಗುರು ಅಮರದಾಸರ ದರ್ಶನಕ್ಕೆ ಬಂದಾಗ ಮೊದಲು ಎಲ್ಲರೊಡನೆ ನೆಲದ ಮೇಲೆ ಕುಳಿತು ಉಣ್ಣಬೇಕಾಯಿತೆಂದು ಸಿಖ್ಖರ ಪರಂಪರೆಯು ಹೇಳುತ್ತದೆ. 1604ರಲ್ಲಿ ಆ ಮಂದಿರದಲ್ಲಿ ಸ್ಥಾಪಿತವಾದ ಆದಿಗ್ರಂಥದಲ್ಲಿ ನೇಕಾರ ಕಬೀರ, ಚಮ್ಮಾರ ರವಿದಾಸ, ಸಿಂಪಿಗ ನಾಮದೇವ, ಮುಸಲ್ಮಾನ ಸಂತ ಫರೀದ ಇವರೆಲ್ಲರ ವಾಣಿಯೂ ಸೇರಿದೆ. ಗ್ರಂಥದೊಳಗೆ ನಡೆದದ್ದು ಊಟದ ಚಾಪೆಯ ಮೇಲೆಯೂ ನಡೆಯಬೇಕೆಂಬುದೇ ಲಂಗರಿನ ಅರ್ಥ. ಚಾಪೆಯ ಮೇಲೆ ಕೂಡದವನು ಕಂಡದ್ದು ಚಿನ್ನದ ತಗಡನ್ನು ಮಾತ್ರ, ಅದು ರಣಜಿತಸಿಂಹನು ಹತ್ತೊಂಬತ್ತನೆಯ ಶತಮಾನದಲ್ಲಿ ಹೊದಿಸಿದ್ದು. (ಅಲ್ಲಿ ಯಾರ ಮಗ್ಗುಲಿಗಾದರೂ ಕುಳಿತು ಉಂಡು, ಊರಿಗೆ ಮರಳಿದ ಮೇಲೆ ಪಂಕ್ತಿಭೇದದ ಎಲೆಗೆ ಮೌನವಾಗಿ ಕೂಡುವವರೂ ನಮ್ಮಲ್ಲಿದ್ದಾರೆ. ಅವರ ವಿಷಯವು ಬೇರೊಂದು ಲೇಖನಕ್ಕೆ ಸಾಕಾಗುವಷ್ಟಿದೆ.)

ಆದುದರಿಂದ ಚೀಲ ಹೊತ್ತೇ ಹೋಗಿರಿ. ಬೆಂಗಳೂರಿನಿಂದ ದಿಲ್ಲಿಗೆ ಹೋಗುವ ಕರ್ನಾಟಕ ಎಕ್ಸ್‌ಪ್ರೆಸ್ಸನ್ನು ಮನಮಾಡದಲ್ಲಿ ಬಿಟ್ಟು, ನಾಂದೇಡದಿಂದ ಬರುವ ಸಚಖಂಡ ಎಕ್ಸ್‌ಪ್ರೆಸ್ಸನ್ನು ಏರಬಹುದು. 1708ರಲ್ಲಿ ಗುರು ಗೋವಿಂದಸಿಂಹರು ದೇಹವಿಟ್ಟ ಊರಿನಿಂದ ಹೊರಡುವ ಆ ಗಾಡಿಯಲ್ಲಿ ದಾರಿಯ ನಿಲ್ದಾಣಗಳಲ್ಲಿಯೂ ಲಂಗರು ಬಡಿಸುವರು. ಸರಾಯಿಯಲ್ಲಿ ಒಂದು ರಾತ್ರಿ ಸಾಕು. ಮರುದಿನ ಆ ಜಾಗವು ಮತ್ತೊಬ್ಬರಿಗಾಗಲಿ. ಉಂಡ ಮೇಲೆ ಎರಡು ತಾಸು ತಟ್ಟೆ ತೊಳೆಯುವ ತೊಟ್ಟಿಗಳ ಬಳಿಗೆ ನಡೆಯಿರಿ. ಅಲ್ಲಿ ಜಾತಿ ಕೇಳುವವರಿಲ್ಲ, ಊರು ಕೇಳುವವರಿಲ್ಲ. ತಲೆಗೆ ವಸ್ತ್ರ ಕಟ್ಟಿ, ತೋಳು ಮಡಿಚಿ, ಸಾಲಿನಲ್ಲಿ ಎಡೆ ದೊರೆತಲ್ಲಿ ನಿಂತರಾಯಿತು.