ಸೋರುವ ನಲ್ಲಿ

ನಲ್ಲಿ ಸೋರುತ್ತಿದೆಯೆಂದು ಮನೆಯವರು ಹೇಳಿದಾಗ, ನಾಳೆ ನೋಡೋಣವೆಂದು ಸುಮ್ಮನಾಗುವವರಲ್ಲಿ ನಾವೂ ಒಬ್ಬರು. ಸೆಕೆಂಡಿಗೊಂದು ಹನಿಯೆಂದರೂ ದಿನಕ್ಕೆ 86,400 ಹನಿ! ಬೆಂಗಳೂರಿನಂಥ ಊರಿಗೆ ಕಾವೇರಿಯ ಆ ನೀರು ಸುಮಾರು 100 ಕಿಲೋಮೀಟರ್ ದೂರದಿಂದ, ಪಂಪುಗಳ ಬಲದಿಂದ ಏರಿ ಬರಬೇಕು.

ಒಮ್ಮೆ ಕೂಲಿ ಉಳಿಸಲೆಂದು ನಾವೇ ಸ್ಪ್ಯಾನರ್ ಹಿಡಿದು ನಲ್ಲಿ ಬಿಚ್ಚಿದೆವು. ಮೇಲಿನ ತೊಟ್ಟಿಯ ನೀರೆಲ್ಲ ಅಡಿಗೆಮನೆಗೆ ಹರಿಯಿತು. ಓಡಿಬಂದ ಪ್ಲಂಬರ್ ಮೊದಲು ಕೇಳಿದ್ದು, "ಗೇಟ್ ವಾಲ್ವ್ ಎಲ್ಲಿದೆ, ಯಜಮಾನರೇ?" ಹನ್ನೆರಡು ವರ್ಷ ಆ ಮನೆಯಲ್ಲಿದ್ದ ನಮಗೆ ಅದು ತಿಳಿದಿರಲಿಲ್ಲ.

ಅಂದು ಕಲಿತುದನ್ನು ಓದುಗ ಬಂಧುಗಳಲ್ಲಿ ಅರಿಕೆ ಮಾಡುತ್ತೇವೆ. ವಾಲ್ವ್ ಇರುವ ಜಾಗವನ್ನು ಮನೆಮಂದಿಯೆಲ್ಲ ಅರಿತಿರಬೇಕು. ಅದನ್ನು ಮುಚ್ಚಿದ ಮೇಲೆ ಸವೆದ ವಾಷರ್ ಬದಲಿಸುವುದು, ನಲ್ಲಿಯ ತಿರುಪಿಗೆ ಟೆಫ್ಲಾನ್ ಟೇಪು ಸುತ್ತುವುದು ನಮ್ಮಿಂದಲೇ ಆಗುವ ಕೆಲಸ. ಗೋಡೆಯೊಳಗಿನ ಪೈಪು, ಗೀಸರು ಮಾತ್ರ ಬಲ್ಲವರಿಗೇ ಮೀಸಲು. ಗೀಸರಿನ ಸುರಕ್ಷಾ ವಾಲ್ವ್ ತೊಟ್ಟಿಕ್ಕುತ್ತಿದೆಯೆಂದು ಅದರ ಬಾಯಿ ಮುಚ್ಚುವುದು ಪ್ರಾಣಾಪಾಯಕರ. ಒಳಗಿನ ಒತ್ತಡಕ್ಕೆ ಅದೇ ಹೊರದಾರಿ.

ಹತ್ತೇ ನಿಮಿಷದಲ್ಲಿ ಮುಗಿಸಿದರೆಂದು ಪ್ಲಂಬರರ ಕೂಲಿಗೆ ಚೌಕಾಸಿ ಸಲ್ಲದು. ಹತ್ತು ನಿಮಿಷದಲ್ಲಿ ಮುಗಿಸಲು ಹಲವು ವರ್ಷ ಪಳಗಿದ ಕೈ ಬೇಕು.